ಮಾತು ಬಿಟ್ಟವರ ಸಂಭಾಷಣೆ

ಮಾರ್ಚ್ 3

ಬೆಳಿಗ್ಗೆ ಅಕ್ಕ ಬಂದಳು. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ನಗು. ಎರಡೂ ಒಟ್ಟಿಗೆ ಬಂದರೆ ನನ್ನಿಂದ ಏನೋ ಆಗಬೇಕಾಗಿದೆ ಎಂದೇ ಅರ್ಥ. ಹಣ್ಣು ಇಸಿದುಕೊಂಡೆ, ನಗುವನ್ನು ವಾಪಸ್ ಕೊಡಲಿಲ್ಲ.

ವಿಷಯ ಇಷ್ಟು. ರೆಕಾರ್ಡು ಉಜ್ಜಿ ಸಂಗೀತ ಹೊರಡಿಸುವ ಸ್ಕ್ರಾಚ್ ಸ್ಪರ್ಧೆಯವರು ಅವಳ ಮನೆಗೆ ಫೋನ್ ಮಾಡಿದ್ದರಂತೆ. ಕಳೆದ ವರ್ಷ ಜೋಡಿಗಳ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದ ನಮ್ಮ 'ಗರಗಸ' ತಂಡಕ್ಕೆ ಈ ಸಲ ನೇರವಾಗಿ ಅಂತಿಮ ಸುತ್ತಿಗೆ ಪ್ರವೇಶ. ಆದರೆ ಅದೇ ಇಬ್ಬರು ಇರಬೇಕು. ಒಬ್ಬರು ಬದಲಾದರೂ ಹೊಸಬರ ಜೊತೆ ಮೊದಲ ಸುತ್ತಿನಿಂದ ಬರಬೇಕು. ಇಬ್ಬರು ಎಂದರೆ ನಾನು ಮತ್ತು ನನ್ನ ಭಾವ. ನಾವಿಬ್ಬರೂ ಮಾತು ಬಿಟ್ಟು ಹೆಚ್ಚುಕಡಿಮೆ ವರ್ಷವಾಯಿತು ಎನ್ನುವುದು ಸ್ಪರ್ಧೆಯವರಿಗೆ ಗೊತ್ತಿಲ್ಲ.

ತಪ್ಪು ಅವರದೇ. ಕಳೆದ ಸಲ ಫಲಿತಾಂಶ ಬಂದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಎಲ್ಲ ತಂಡಗಳೂ ಕೂತಿದ್ದವು. ನಾನು ಭಾವನ ಪಕ್ಕದಲ್ಲೇ ನಿಂತು, ಧೈರ್ಯ ಮಾಡಿ, ಮುಂದಿನ ವರ್ಷ ಮುಖ್ಯ ಭಾಗ ನನಗೆ ಕೊಡಿ, ತಾಳದ ಭಾಗ ನೀವು ನೋಡಿಕೊಳ್ಳಿ ಎಂದು ಕೇಳಿದೆ. ಹದಿನಾರನೆಯ ವಯಸ್ಸಿನಿಂದ ಅವರ ಹಿಂದೆ ಢಬಢಬ ಬಾರಿಸಿದವಳು ಕೇಳಬಾರದ್ದೇನೂ ಕೇಳಲಿಲ್ಲ. ಅವರು 'ಆಗಲಿ' ಎನ್ನಲಿಲ್ಲ, 'ಆಗದು' ಎನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ, ಬಲಗಡೆ ನಿಂತಿದ್ದ ಯಾರ ಜೊತೆಗೋ ಸ್ಪೀಕರಿನ ಬಗ್ಗೆ ಮಾತಾಡತೊಡಗಿದರು. ಎದುರಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವತ್ತು ಮುಚ್ಚಿದ ಬಾಯಿ ನಾನು ತೆರೆದಿಲ್ಲ. ಅವರೇ ಮೊದಲು ಮಾತಾಡಬೇಕು.

ಇನ್ನು ಮೇಲೆ ಇಲ್ಲಿ ಅವರನ್ನು 'ಅಕ್ಕನ ಗಂಡ' ಎಂದೇ ಬರೆಯುತ್ತೇನೆ. ಭಾವ ಎನ್ನುವ ಮಾತಿಗೆ ಒಂದು ಬೆಲೆ ಇದೆ.

ಅಕ್ಕನಿಗೆ ಆಗಲಿ ಎಂದೆ. ಆಗಲಿ ಎಂದದ್ದಕ್ಕೆ ಕಾರಣ ಬೇರೆ. ನಾಲ್ವರ ತಂಡ ಕಟ್ಟಿಕೊಂಡು ಊರೂರು ಸುತ್ತುವ ಜಿಗಣೆ ನನ್ನನ್ನು ಕರೆದಿದ್ದಾನೆ. ಕಂಡವರ ಕೈಚಳಕವನ್ನೆಲ್ಲ ಹೀರಿಕೊಳ್ಳುವುದರಿಂದ ಅವನಿಗೆ ಆ ಹೆಸರು. ಮನುಷ್ಯ ಹೇಗೇ ಇರಲಿ, ಮುಖ್ಯ ಭಾಗ ಕೊಡುತ್ತೇನೆ ಎಂದಿದ್ದಾನೆ. ಈ ಸ್ಪರ್ಧೆ ಗೆದ್ದು, ಗರಗಸಕ್ಕೆ ಒಂದು ಕೈಮುಗಿದು, ಜಿಗಣೆಯ ತಂಡ ಸೇರುವುದು ನನ್ನ ಯೋಜನೆ. ಸ್ಪರ್ಧೆಗೆ ಮೊದಲೇ ಅಕ್ಕನ ಗಂಡನಿಗೆ ಹೇಳಿಬಿಡಬೇಕು ಎನ್ನುವುದು ಅವನ ಷರತ್ತು, ಆಮೇಲೆ ರಗಳೆ ಬೇಡವಂತೆ. ಒಂದೇ ತೊಡಕು: ಹೇಳಬೇಕಾದರೆ ನಾನೇ ಮೊದಲು ಮಾತಾಡಬೇಕು.

ಮಾರ್ಚ್ 9

ಮೊದಲ ಅಭ್ಯಾಸ. ಅಕ್ಕನ ಗಂಡ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ನೋಡಿಕೊಳ್ಳುತ್ತಾರೆ. ಅದರ ಮೇಲಿನ ಗೋದಾಮಿನಲ್ಲಿ ನಮ್ಮ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್‌ಗಳು. ಸುತ್ತ ಎದೆಮಟ್ಟ ರಟ್ಟು ಜೋಡಿಸಿರುವುದರಿಂದ ಸದ್ದು ಹೊರಗೆ ಹೋಗುವುದಿಲ್ಲ. ಕೆಳಗಿನ ಯಂತ್ರದ ಸದ್ದು ಮಾತ್ರ ಒಳಗೆ ಬರುತ್ತದೆ. ಅದರ ಪಕ್ಕದಲ್ಲಿ ದಿನವಿಡೀ ನಿಲ್ಲುವವರು ಹೇಗೆ ತಲೆಕೆಡದೆ ಇರುತ್ತಾರೋ.

ಅಕ್ಕ ನಮ್ಮಿಬ್ಬರ ನಡುವೆ ಸ್ಟೂಲು ಹಾಕಿಕೊಂಡು ಕೂತಳು. ಮೂರು ಮಾರು ದೂರದಲ್ಲಿರುವ ಗಂಡನಿಗೆ ನನ್ನ ಮಾತನ್ನು ತಲುಪಿಸುವುದು ಅವಳ ಕೆಲಸ. 'ಸ್ವಲ್ಪ ನಿಧಾನ ಅಂತೆ' ಎಂದು ಅವಳು ಎಂಥ ದನಿಯಲ್ಲಿ ಕಿರುಚುತ್ತಾಳೆ ಎಂದರೆ ನನಗೆ ಆನಂದವಾಯಿತು. ಮದುವೆಯಾದ ಹೊಸದರಲ್ಲಿ ಗಂಡನೆದುರು ಪಿಸುಗುಟ್ಟುತ್ತಿದ್ದವಳು. ಕೊನೆಗೂ ಇವಳಿಗೆ ಬುದ್ಧಿ ಬಂದಿದೆ.

ಈ ಸಲದ ಸರಕು ಒಂದು ಹಳೆಯ ಭಾಷೆ ಕಲಿಸುವ ರೆಕಾರ್ಡು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಇಸ್ತ್ರಿ ಹಾಕಿದಂಥ ದನಿಯಲ್ಲಿ ಮರ್ಯಾದೆಯ ಮಾತಾಡುತ್ತಾರೆ, ಒಂದೊಂದು ಮಾತನ್ನೂ ಒಬ್ಬರಾದ ಮೇಲೆ ಒಬ್ಬರು. 'ಬನ್ನಿ, ಕುಳಿತುಕೊಳ್ಳಿ.' 'ತಾವು ಯಾವಾಗ ಬಂದಿರಿ?' 'ದಯವಿಟ್ಟು ಇನ್ನೊಮ್ಮೆ ಹೇಳಿ.' 'ಕ್ಷಮಿಸಿ, ನನಗೆ ತಿಳಿಯಲಿಲ್ಲ.' 'ನಾನು ಹೊರಡುತ್ತೇನೆ.' 'ಹೋಗಿ ಬನ್ನಿ.' ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಆ ಸಭ್ಯ ಮಾತುಗಳನ್ನು ಹಿಂದೆ ಮುಂದೆ ಉಜ್ಜಿ, ತುಂಡರಿಸಿ, ಒಂದು ಭಾರೀ ಜಗಳವಾಗಿ ಮಾಡುವುದು ಯೋಚನೆ. ಹೆಂಗಸಿನ ದನಿ ನನ್ನ ಕೈಯಲ್ಲಿ, ಗಂಡಸಿನದು ಅವರ ಕೈಯಲ್ಲಿ. ಮಾತು ಬಿಟ್ಟ ಇಬ್ಬರು ಸಂಭಾಷಣೆ ನಡೆಸುವ ಈ ಯೋಚನೆ ಯಾರದೋ ತಿಳಿಯಲಿಲ್ಲ. ಅಕ್ಕ ತನ್ನದಲ್ಲ ಎನ್ನುತ್ತಾಳೆ.

ಆಶ್ಚರ್ಯ ಇನ್ನೊಂದು. ಜಗಳದ ಮುಖ್ಯ ಭಾಗವೆಲ್ಲ ನನಗಂತೆ. ಅಕ್ಕನ ಗಂಡ ಅಲ್ಲಲ್ಲಿ ಒಂದೊಂದು ಉತ್ತರ ಕೊಟ್ಟು, ಉಳಿದಂತೆ ತಾಳ ನೋಡಿಕೊಳ್ಳುತ್ತಾರಂತೆ. ಕೇಳಿದಾಗ ಕೊಡದೆ, ಕೇಳದೆ ಇದ್ದಾಗ ಭಿಕ್ಷೆ ಹಾಕಿದ ಹಾಗೆ. ತೆಗೆದುಕೊಂಡೆ, ಆದರೆ ಸಂತೋಷ ತೋರಿಸಲಿಲ್ಲ.

ಮಾರ್ಚ್ 10

ನಾನು ಕಲಿಸುವ ಡ್ರೈವಿಂಗ್ ಶಾಲೆಯಲ್ಲಿ ಹೊಸ ವಿದ್ಯಾರ್ಥಿನಿ, ಬ್ಯಾಂಕಿನವಳು. ಕಾರು ಕಲಿಸುವ ಬ್ರೇಕ್ ಮೇಡಂ ಭಾನುವಾರ ರೆಕಾರ್ಡು ಉಜ್ಜುತ್ತಾರೆ ಎಂದು ಯಾರೋ ಹೇಳಿದರಂತೆ, ಅದರಿಂದ ಸೂಜಿ ಹಾಳಾಗುವುದಿಲ್ಲವೇ ಎಂದು ಕೇಳಿದಳು. ಹಾಳಾಗುತ್ತದೆ ಎಂದೆ. ಮತ್ತೇನೂ ಬರೆಯುವಂಥದ್ದಿಲ್ಲ.

ಮಾರ್ಚ್ 16

ಅಕ್ಕನ ಗಂಡನ ಅಹಂಕಾರಕ್ಕೆ ಎಣೆಯಿಲ್ಲ. ಇಷ್ಟು ವರ್ಷ ಅವರು ಬಲಗಡೆ, ನಾನು ಎಡಗಡೆ ನಿಲ್ಲುತ್ತಿದ್ದೆವು. ಇವತ್ತು ಹೋಗಿ ನೋಡಿದರೆ ಅವರ ಮೇಜು ಎಡತುದಿಗೆ ಹೋಗಿದೆ, ನನ್ನದು ಅವರ ಬಲಕ್ಕೆ ಬಂದಿದೆ. ಕಾರಣ ಕೇಳಲು ಅಕ್ಕನನ್ನು ಕಳಿಸಿದೆ. ಗಾಳಿ ಚೆನ್ನಾಗಿ ಬರುತ್ತದಂತೆ. ಗೋದಾಮಿಗೆ ಇರುವುದು ಒಂದೇ ಕಿಟಕಿ, ಅದೂ ಬಲಗಡೆ. ನನಗೆ ಗೊತ್ತು, ಆ ಸಭಾಂಗಣದಲ್ಲಿ ತೀರ್ಪುಗಾರರು ಕೂರುವುದು ವೇದಿಕೆಯ ಎಡಭಾಗಕ್ಕೆ. ಅವರ ಕಣ್ಣಿಗೆ ಮೊದಲು ತಾವೇ ಬೀಳಬೇಕು.

ಕೆಲಸದಲ್ಲೂ ಸೋಮಾರಿತನ ಬಂದಿದೆ. ನನಗೆ ಈ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟವರೇ ಅವರು: ಒಂದು ಕಿವಿ ಹೆಡ್‌ಫೋನಿನಲ್ಲಿ ಮುಂದೆ ಬರಬೇಕಾದ ಸದ್ದನ್ನು ಹುಡುಕುತ್ತಿರಬೇಕು, ಇನ್ನೊಂದು ಕಿವಿ ತೆರೆದಿದ್ದು ಈಗ ನಡೆಯುತ್ತಿರುವುದನ್ನು ಕೇಳುತ್ತಿರಬೇಕು. ಎರಡು ಕಿವಿ, ಎರಡು ಕೆಲಸ. ಈಗ ನೋಡಿದರೆ ಹೆಡ್‌ಫೋನನ್ನು ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡು, ರೆಕಾರ್ಡಿನ ಮೇಲೆಲ್ಲ ಚಿಕ್ಕ ಚಿಕ್ಕ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾರೆ. ಸೂಜಿ ಸ್ಟಿಕ್ಕರಿಗೆ ತಾಗಿದಲ್ಲಿ ಮಾತು ಶುರುವಾಗುತ್ತದೆ, ಕೇಳಿ ಹುಡುಕುವ ತೊಂದರೆಯಿಲ್ಲ. ಸ್ಟಿಕ್ಕರ್ ಎಲ್ಲರೂ ಹಾಕುತ್ತೇವೆ, ಒಂದೋ ಎರಡೋ. ಇವರ ರೆಕಾರ್ಡಿಗೆ ಸಿಡುಬು ಬಂದ ಹಾಗಿದೆ. ಕಣ್ಣಿನಿಂದ ಬಾರಿಸುವುದಾದರೆ ಕಿವಿ ಯಾಕೆ ಬೇಕು ಎಂದು ಅಕ್ಕನಿಗೆ ಹೇಳಿದೆ. ಇದನ್ನು ಮಾತ್ರ ಅವಳು ಅವರಿಗೆ ತಲುಪಿಸಲಿಲ್ಲ.

ಮಾರ್ಚ್ 24

ಅಕ್ಕನಿಗೆ ಅಂಗಡಿಯಲ್ಲಿ ಕೆಲಸ, ಬರಲಿಲ್ಲ. ನಾವಿಬ್ಬರೇ.

ಮೊದಲ ಅರ್ಧ ಗಂಟೆ ಇಬ್ಬರೂ ಸೂಜಿಗಳನ್ನು ಒರೆಸಿದೆವು. ಇಷ್ಟು ಚೊಕ್ಕಟ ಸೂಜಿಗಳು ಜಗತ್ತಿನಲ್ಲೇ ಇರಲಾರವು. ಕೊನೆಗೆ ನಾನು ರೆಕಾರ್ಡು ತಿರುಗಿಸಿದೆ: 'ತಾವು ಯಾವಾಗ ಬಂದಿರಿ?' ಅವರು ತಮ್ಮದನ್ನು ತಿರುಗಿಸಿದರು: 'ಕ್ಷ-ಕ್ಷ-ಕ್ಷಮಿಸಿ.' ಆ 'ಕ್ಷ' ಇದೆಯಲ್ಲ, ಅದನ್ನು ಅವರು ಬಟ್ಟೆ ಹರಿದ ಹಾಗೆ ಎಳೆಯುತ್ತಾರೆ, ಹಾಗೆ ಎಳೆಯುವವರು ಬೇರೆ ಯಾರೂ ಇಲ್ಲ. ನಾನು 'ದಯವಿಟ್ಟು ಇನ್ನೊಮ್ಮೆ ಹೇಳಿ' ಎಂದು ಬಾರಿಸಿದೆ. ಅವರು ಇನ್ನೊಮ್ಮೆ ಹೇಳಿದರು. ನಾನು ಮತ್ತೆ ಕೇಳಿದೆ. ಅವರು ಮತ್ತೆ ಹೇಳಿದರು, ಈ ಸಲ ಸೊಂಡಿಲು ಎತ್ತಿದ ಆನೆಯ ಹಾಗೆ ದನಿ ಏರಿಸಿ. ನನಗೆ ನಗು ಬಂತು. ಸೂಜಿ ಬಿದ್ದ ನೆಪ ಮಾಡಿ ಮೇಜಿನ ಕೆಳಗೆ ಬಗ್ಗಿದೆ.

ಇದು ಅಭ್ಯಾಸ, ಮಾತಲ್ಲ. ಒಂದು ವೇಳೆ ಅಕ್ಕ ಕೇಳಿದರೆ ಹಾಗೇ ಹೇಳುತ್ತೇನೆ.

ಒಂದು ವಿಚಿತ್ರ. ಮಧ್ಯೆ ನಾನು ಅವರ ಎಡಗಡೆಯಿದ್ದ ತಂತಿ ಸರಿಮಾಡಲು ಹೋದವಳು ಅಲ್ಲಿಂದಲೇ ಬಾಯಲ್ಲಿ ತಾಳ ಎಣಿಸಿದೆ. ಎಣಿಸುವುದು ಮಾತಾಡಿದ ಹಾಗಲ್ಲ. ಅವರು ಶುರುಮಾಡಲೇ ಇಲ್ಲ, ರಟ್ಟಿನ ಗೋಡೆ ನೋಡುತ್ತ ನಿಂತಿದ್ದರು. ನನ್ನ ಜಾಗಕ್ಕೆ ಬಂದು ಎಣಿಸಿದೆ, ಕೂಡಲೇ ಹಿಡಿದರು. ತಾನು ಹಾಕಿದ ವ್ಯವಸ್ಥೆಯಲ್ಲೇ ಎಲ್ಲ ನಡೆಯಬೇಕು ಎನ್ನುವ ಹಠ. ಇಂಥವರನ್ನು ಅಕ್ಕ ಹೇಗೆ ಸಹಿಸಿಕೊಂಡಿದ್ದಾಳೋ.

ಮಾರ್ಚ್ 26

ಜಿಗಣೆಯ ಫೋನು. ಹೇಳಿದೆಯಾ ಎಂದು ಕೇಳಿದ. ಸಂದರ್ಭ ಸಿಗಲಿಲ್ಲ ಎಂದೆ. ವಾರದಲ್ಲಿ ಎಷ್ಟು ಸಲ ಅಭ್ಯಾಸ ಮಾಡುತ್ತೀರಿ ಎಂದ. ಮಾಡುತ್ತೇವೆ, ಆದರೆ ಮಾತಾಡುವುದಿಲ್ಲ ಎಂದೆ. ತನ್ನ ತಂಡದಲ್ಲಿ ಎಲ್ಲರೂ ಮಾತಾಡುತ್ತಾರೆ ಎಂದು ಹೇಳಿದ. ಅದೇನೋ ವಿಶೇಷ ಸೌಲಭ್ಯದ ಹಾಗೆ. ಏಪ್ರಿಲ್ ಮೊದಲ ವಾರದೊಳಗೆ ಹೇಳದಿದ್ದರೆ ಇನ್ನೊಬ್ಬರನ್ನು ನೋಡಿಕೊಳ್ಳುತ್ತಾನಂತೆ.

ಹೇಳಿಯೇ ಬಿಡುತ್ತೇನೆ. ಇದೊಂದು ಮಾತಿಗೆ ಮೌನ ಮುರಿದರೆ ಸೋತ ಹಾಗಲ್ಲ. ಮನೆ ಖಾಲಿ ಮಾಡುವವರೂ ಬೀಗದಕೈ ಕೊಡುವಾಗ ಒಂದು ಮಾತಾಡುತ್ತಾರೆ.

ಏಪ್ರಿಲ್ 2

ಹೇಳಿದೆ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಆದ ಹಾಗೇ ಬರೆಯುತ್ತೇನೆ.

ಒಂದು ಟರ್ನ್‌ಟೇಬಲ್ ರಿಪೇರಿಗೆ ಹೋಗಿತ್ತು. ತರಲು ನಾನೂ ಅವರೂ ಹೋಗಬೇಕೆಂದು ಅಕ್ಕ ಗೊತ್ತುಮಾಡಿದಳು. ನನ್ನ ಶಾಲೆಯ ಕಾರು. ಬರುವಾಗ ಅವರೇ ಸ್ಟೀರಿಂಗ್ ಹಿಡಿದರು. ನಾನು ಅಭ್ಯಾಸಬಲದಿಂದ ಕಲಿಸುವವಳ ಸೀಟಿನಲ್ಲಿ ಕೂತೆ, ಅವರ ಎಡಕ್ಕೆ. ಕಾಲ ಬುಡದಲ್ಲಿ ನನ್ನದೇ ಬ್ರೇಕು, ಮೇಲೆ ಕಲಿಸುವವರಿಗೆಂದೇ ಹಾಕಿದ ಎರಡನೆಯ ಕನ್ನಡಿ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದುಕೊಂಡ ಟರ್ನ್‌ಟೇಬಲ್.

ದೊಡ್ಡ ರಸ್ತೆಗೆ ಬಂದ ಮೇಲೆ, ಮುಂದೆ ನೋಡುತ್ತಲೇ ಹೇಳಿಬಿಟ್ಟೆ. "ಭಾವ, ಈ ಸ್ಪರ್ಧೆ ಆದ್ಮೇಲೆ ನಾನು ಗರಗಸ ಬಿಡ್ತಿದ್ದೀನಿ. ಜಿಗಣೆ ಜೊತೆ ಹೋಗ್ತೀನಿ."

ಅವರು ಕನ್ನಡಿ ನೋಡಿದರು, ರಸ್ತೆ ನೋಡಿದರು. ಆಮೇಲೆ, "ಮಳೆ ಬರೋ ಹಾಗಿದೆ" ಎಂದರು.

ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕಳೆದ ವರ್ಷ ಮಾಡಿದ್ದನ್ನೇ ಮತ್ತೆ ಮಾಡಿದರಲ್ಲ ಎಂದುಕೊಂಡೆ. ನಾನು ಹೊರಡುತ್ತೇನೆ ಎನ್ನುವುದಕ್ಕೂ ಇವರು ಸೊಪ್ಪು ಹಾಕುವುದಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಎನ್ನುವಷ್ಟರಲ್ಲಿ ಅವರು ಎಡಕ್ಕೆ ತಿರುಗಿಸಿದರು. ನನ್ನ ಕಿಟಕಿಯ ಪಕ್ಕದಲ್ಲೇ ಒಂದು ಸ್ಕೂಟರು, ಎಷ್ಟೋ ದೂರದಿಂದ ಹಾರ್ನ್ ಬಡಿದುಕೊಂಡು ಬರುತ್ತಿತ್ತು. ನಾನು ಬ್ರೇಕು ತುಳಿದೆ. ಸ್ಕೂಟರಿನವನು ಒಂದು ಗೇಣಿನಲ್ಲಿ ಉಳಿದ. ನಿಂತು ನನ್ನನ್ನೇ ಬೈದ, ಬಾಗಿಲಿಗೆ ಬರೆದಿರುವ ಶಾಲೆಯ ಹೆಸರು ಓದಿ ಇನ್ನಷ್ಟು ಬೈದ.

ಅವನು ಹೋದ ಮೇಲೆ ಅವರು ಬೆವರು ಒರೆಸಿಕೊಂಡು, "ಒಂದು ಹಾರ್ನ್ ಆದ್ರೂ ಹೊಡೀಬಾರ್ದಾ ಅವ್ನು" ಎಂದರು.

ನಾನು ಅವರ ಮುಖ ನೋಡಿದೆ. ನಾಟಕವಲ್ಲ. ನಿಜವಾಗಿ ಗೊಣಗುತ್ತಿದ್ದರು. ಸೀಟಿನಲ್ಲಿ ಸರಿದು ಕೂತು, ತಲೆ ತಗ್ಗಿಸಿ, ಮೆಲ್ಲಗೆ, 'ಭಾವ, ನಿಮ್ಮ ಷರಟಿನ ಗುಂಡಿ ಬಿಚ್ಚಿದೆ' ಎಂದೆ. ಗುಂಡಿ ಬಿಚ್ಚಿರಲಿಲ್ಲ. ಷರಟಿನ ಗುಂಡಿ ಮುಟ್ಟಿ ನೋಡದ ಗಂಡಸು ಇರಲಾರ. ಅವರು ಗೇರು ಹಾಕಿ ಕಾರು ಮುಂದೆ ಬಿಟ್ಟರು.

ಕಳೆದ ವರ್ಷ ಆ ಕೋಣೆಯಲ್ಲಿ ನಾನು ನಿಂತಿದ್ದದ್ದು ಯಾವ ಕಡೆ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಎಡಗಡೆ.

ಏಪ್ರಿಲ್ 3

ಮಧ್ಯಾಹ್ನ ಅಕ್ಕ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದೆ. ಯಾರದೋ ಮೂಗಿಗೆ ಚೌಕಟ್ಟು ಅಳೆಯುತ್ತಿದ್ದಳು. ಭಾವನ ಎಡಗಿವಿಗೆ ಏನಾಗಿದೆ ಎಂದು ನೇರವಾಗಿ ಕೇಳಿದೆ. ಅವಳು ಕೈಯಲ್ಲಿದ್ದ ಚೌಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಅತ್ತಳು. ಗಿರಾಕಿ ಬೆಲೆ ಕೇಳುವ ಮೊದಲೇ ಅಂಗಡಿಯವಳು ಅಳುವುದನ್ನು ಕಂಡು ಹೊರಟುಹೋದ.

ಎರಡು ವರ್ಷದಿಂದ ಆ ಕಿವಿ ಮಂದವಂತೆ. ಒಂದು ಕಡೆ ಕಾರ್ಖಾನೆಯ ಯಂತ್ರದ ಸದ್ದು, ಇನ್ನೊಂದು ಕಡೆ ನಮ್ಮ ಸ್ಪೀಕರಿನದು. ಡಾಕ್ಟರು ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರೆ, ಕಿವಿಯಲ್ಲಿ ಯಂತ್ರ ಇಟ್ಟುಕೊಂಡು ಯಾವ ಮುಖದಲ್ಲಿ ವೇದಿಕೆ ಹತ್ತಲಿ ಎಂದರಂತೆ. ನನಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾರೆ. ನಾನು ಮಾತು ಬಿಟ್ಟದ್ದಕ್ಕೆ ಅವರು ತಿಳಿದಿರುವ ಕಾರಣ ಬೇರೆಯೇ. ಕಳೆದ ಸಲ ಅವರು ಒಂದು ಕಡೆ ತಾಳ ತಪ್ಪಿ ಗೆಲುವು ಹೋಯಿತಲ್ಲ, ಆ ಸಿಟ್ಟಿಗೆ ಬಿಟ್ಟೆ ಎಂದುಕೊಂಡಿದ್ದಾರೆ. ಮುಖ್ಯ ಭಾಗವನ್ನು ನನಗೆ ಬಿಟ್ಟುಕೊಟ್ಟದ್ದೂ ಅದಕ್ಕೇ.

ನನಗೆ ಗೊತ್ತಾಗಿದೆ ಎಂದು ಅವರಿಗೆ ಹೇಳಬೇಡ ಎಂದು ನಾನೂ ಅಕ್ಕನಿಂದ ಆಣೆ ಹಾಕಿಸಿಕೊಂಡೆ. ಪಾಪ, ಅವಳ ತಲೆ ಮೇಲೆ ಈಗ ಎರಡು ಆಣೆ.

ಏಪ್ರಿಲ್ 7

ಭಾವನಿಗೆ ಹೇಳಿದ್ದೇನೆ ಎಂದು ಜಿಗಣೆಗೆ ತಿಳಿಸಿದೆ. ಸುಳ್ಳಲ್ಲ. ಹೇಳಿದ್ದೇನೆ. ಕೇಳಿಸಿತೇ ಎಂದು ಅವನು ಕೇಳಲಿಲ್ಲ.

ಇನ್ನೊಂದು ಸಲ, ಬಲಗಡೆಯಿಂದ ಹೇಳಬೇಕು. ಅದು ನನಗೂ ಗೊತ್ತು. ಆದರೆ ಸ್ಪರ್ಧೆ ಹತ್ತಿರ ಬಂದಿದೆ, ಈಗ ಹೇಳಿದರೆ ಅವರ ತಾಳ ತಪ್ಪಿ ನನ್ನ ಗೆಲುವಿಗೇ ಕಲ್ಲು ಬೀಳುತ್ತದೆ. ಹಾಗಾಗಿ ಮುಂದೆ ಹಾಕಿದ್ದೇನೆ. ಇದರಲ್ಲಿ ಕರುಣೆ ಗಿರುಣೆ ಏನೂ ಇಲ್ಲ.

ಅಭ್ಯಾಸದಲ್ಲಿ ಒಂದೆರಡು ಬದಲಾವಣೆ ಮಾಡಿದೆ. ಬಾಯಲ್ಲಿ ಎಣಿಸುವುದು ನಿಲ್ಲಿಸಿದ್ದೇನೆ, ಗದ್ದ ಎತ್ತಿ ಸನ್ನೆ ಮಾಡುತ್ತೇನೆ. ವೇದಿಕೆಯ ಮೇಲೆ ಅದು ಗತ್ತಾಗಿ ಕಾಣುತ್ತದೆ. ಒಟ್ಟು ವೇಗ ಸ್ವಲ್ಪ ಇಳಿಸಿದೆ, ಮಾತು ಸ್ಪಷ್ಟವಾಗಿ ಕೇಳಲಿ ಎಂದು. ಭಾವ ಉತ್ತರ ಕೊಡುವ ಜಾಗಗಳಲ್ಲಿ ನಾನು ಎಡಗೈಯನ್ನು ಒಂದು ಕೂದಲೆಳೆಯಷ್ಟು ತಡೆದು ಬಿಡುತ್ತೇನೆ. ಅವರು ಬಂದು ಸೇರಿಕೊಳ್ಳುವುದಕ್ಕೆ ಅಷ್ಟು ಸಾಕು. ಹೊರಗಿನವರಿಗೆ ತಿಳಿಯುವುದಿಲ್ಲ. ಅವರಿಗೂ ತಿಳಿದಿಲ್ಲ. ಇವತ್ತು ತಮ್ಮ ಕೈ ಮೊದಲಿನ ಹಾಗೇ ಓಡುತ್ತಿದೆ ಎಂದು ಅಕ್ಕನ ಹತ್ತಿರ ಜಂಬ ಕೊಚ್ಚಿದರಂತೆ. ಈ ಗಂಡಸರಿಗೆ ನಾಚಿಕೆ ಎನ್ನುವುದೇ ಇಲ್ಲ.

ಏಪ್ರಿಲ್ 12

ನಾಳೆ ಸ್ಪರ್ಧೆ. ಸಂಜೆ ಗೋದಾಮಿಗೆ ಹೋಗಿ ರೆಕಾರ್ಡುಗಳನ್ನೆಲ್ಲ ದ್ರಾವಣ ಹಾಕಿ ಒರೆಸಿದೆ. ಭಾವನದ್ದನ್ನೂ ಒರೆಸಿದೆ. ಧೂಳು ಕಂಡರೆ ನನಗೆ ಆಗುವುದಿಲ್ಲ, ಅಷ್ಟೇ. ಸ್ಟಿಕ್ಕರುಗಳ ಸಂದಿಯಲ್ಲಿ ಸಹ ಹತ್ತಿ ಸುತ್ತಿದ ಕಡ್ಡಿಯಿಂದ ಚೊಕ್ಕಟ ಮಾಡಿದ್ದೇನೆ. ನಾಳೆ ಕೆಲಸ ಮುಗಿದ ಕೂಡಲೇ ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೇನೆ.

ಏಪ್ರಿಲ್ 13

ಸಂಜೆ ಐದಕ್ಕೆ ನಮ್ಮ ಸರದಿ. ಸಭಾಂಗಣ ತುಂಬಿತ್ತು. ಎಲ್ಲ ಕಡೆ ಟೋಪಿ ಹಿಂದುಮುಂದಾಗಿ ಹಾಕಿಕೊಂಡ ಹುಡುಗರು, ನಡುವೆ ಒಬ್ಬಳೇ ಹೆಗಲ ಮೇಲೆ ಕೈಚೀಲ ಹಾಕಿಕೊಂಡ ಅಕ್ಕ. ನಮಗಿಂತ ಮೊದಲು ಬಾರಿಸಿದ ಜೋಡಿ ಬೆನ್ನ ಹಿಂದೆ ಕೈಹಾಕಿ ರೆಕಾರ್ಡು ತಿರುಗಿಸಿ, ಮೊಣಕೈಯಲ್ಲಿ ಉಜ್ಜಿ, ಸರ್ಕಸ್ಸೇ ಮಾಡಿತ್ತು. ಜಿಗಣೆ ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಹೀರಿಕೊಳ್ಳುತ್ತಿದ್ದ.

ಶುರು ಚೆನ್ನಾಗಿತ್ತು. 'ಬನ್ನಿ, ಬ-ಬ-ಬನ್ನಿ' ಎಂದು ನಾನು ಕರೆದೆ. 'ಯಾವಾಗ? ಯಾವಾಗ?' ಎಂದು ಭಾವ ತಿರುಗಿ ಕೇಳಿದರು. ಜನ ನಕ್ಕರು. ಜಗಳ ಏರಿತು. ನನ್ನ ಕೈ ಇಷ್ಟು ಹಗುರಾಗಿ ಎಂದೂ ಓಡಿರಲಿಲ್ಲ, ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಭಾವನ 'ಕ್ಷಮಿಸಿ' ಬಂದಾಗ ಹಿಂದಿನ ಸಾಲಿನವರು ಎದ್ದು ನಿಂತರು.

ಕೊನೆಯ ಭಾಗ. ನನ್ನ ಹೆಂಗಸು 'ನಾನು ಹೊರಡುತ್ತೇನೆ' ಎನ್ನಬೇಕು, ಅವರ ಗಂಡಸು 'ಹೋಗಿ ಬನ್ನಿ' ಎನ್ನಬೇಕು, ಆ ಎರಡು ಮಾತನ್ನು ಇಬ್ಬರೂ ಚಿಂದಿ ಮಾಡಿ ಮುಗಿಸಬೇಕು. ನಾನು 'ಹೊರಡುತ್ತೇನೆ' ಎಂದೆ. ಭಾವ ಸೂಜಿ ಇಳಿಸಿದರು. ಸ್ಟಿಕ್ಕರು ಜಾರಿ ಸೂಜಿಗೇ ಮೆತ್ತಿಕೊಂಡು ಬಂತು. ಕಿತ್ತು ಹಾಕಿ ಮತ್ತೆ ಇಳಿಸಿದರು, ಪಕ್ಕದ ಸ್ಟಿಕ್ಕರೂ ಜಾರಿತು. ಅವರ ರೆಕಾರ್ಡಿನ ಸ್ಟಿಕ್ಕರುಗಳೆಲ್ಲ ಸಡಿಲವಾಗಿದ್ದವು. ನಿನ್ನೆ ದ್ರಾವಣ ಹಾಕಿ, ಹತ್ತಿಯ ಕಡ್ಡಿಯಿಂದ, ಒಂದೊಂದರ ಅಂಟನ್ನೂ ಶ್ರದ್ಧೆಯಿಂದ ಬಿಡಿಸಿದವಳು ನಾನೇ. ವರ್ಷವಿಡೀ ದ್ವೇಷದಿಂದ ಮಾಡಲಾಗದ್ದನ್ನು ಒಂದು ಸಂಜೆಯ ಅಕ್ಕರೆಯಿಂದ ಮಾಡಿದ್ದೆ.

ಭಾವ ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡು ಹುಡುಕತೊಡಗಿದರು. ಈಗ ಅವರಿಗೆ ಹೊರಗಿನದು ಏನೂ ಕೇಳುವುದಿಲ್ಲ. ನಾನು ಅವರ ತಾಳವನ್ನೂ ವಹಿಸಿಕೊಂಡು ಬಾರಿಸುತ್ತಲೇ ಇದ್ದರೆ ಜನಕ್ಕೆ ತಿಳಿಯದ ಹಾಗೆ ಸ್ವಲ್ಪ ಹೊತ್ತು ತಳ್ಳಬಹುದಿತ್ತು. ಆದರೆ ಅವರು ನನ್ನ ತಾಳಕ್ಕೆ ಎಲ್ಲಿ ಬಂದು ಸೇರಬೇಕು ಎಂದು ಯಾವ ಕಿವಿಯಿಂದ ಕೇಳಿಸಿಕೊಳ್ಳಬೇಕು? ಇರುವ ಒಂದು ಕಿವಿಗೆ ಎರಡು ಕೆಲಸ. ನಾನು ನನ್ನ ಎರಡೂ ರೆಕಾರ್ಡಿನ ಮೇಲೆ ಅಂಗೈ ಇಟ್ಟು ನಿಲ್ಲಿಸಿಬಿಟ್ಟೆ.

ಸ್ಪರ್ಧೆಯಲ್ಲಿ ಸದ್ದು ನಿಂತರೆ ಸತ್ತ ಹಾಗೆ. ಭಾವ ತಲೆ ಎತ್ತಿ ನನ್ನ ಕೈಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ನಾನು ಗದ್ದ ಎತ್ತಿದೆ, ನಿಧಾನವಾಗಿ ಹುಡುಕಿ ಎನ್ನುವ ಹಾಗೆ. ಅವರು ಹುಡುಕಿದರು. ಆಮೇಲೆ ಹೆಡ್‌ಫೋನು ತೆಗೆದು, ದನಿ ಹೊರಬಿಡುವ ಫೇಡರು ಸರಿಸಿ, ರೆಕಾರ್ಡು ಬಿಟ್ಟರು.

'ಕು-ಕು-ಕುಳಿತುಕೊಳ್ಳಿ.'

'ಹೋಗಿ ಬನ್ನಿ' ಅಲ್ಲ. ನಾನು ಪೆಚ್ಚಾದೆ. ಅಭ್ಯಾಸಬಲದಿಂದ ಮತ್ತೆ 'ಹೊರಡುತ್ತೇನೆ' ಎಂದು ಉಜ್ಜಿದೆ. 'ಕುಳಿತುಕೊಳ್ಳಿ' ಎಂದರು. 'ಹೊರಡುತ್ತೇನೆ.' 'ಕುಳಿತುಕೊಳ್ಳಿ, ಕುಳಿ-ಕುಳಿ-ಕುಳಿತುಕೊಳ್ಳಿ.' ಆ ಮಾತನ್ನು ಅವರು ಬೇಡಿಕೊಂಡರು, ಗದರಿಸಿದರು, ಕೊನೆಗೆ ರೆಕಾರ್ಡನ್ನು ತಾನಾಗಿ ತಿರುಗಲು ಬಿಟ್ಟು ಸುಮ್ಮನೆ ನಿಂತರು. ಜನ ಹುಚ್ಚೆದ್ದು ಕೂಗಿದರು.

ಮೂರನೆಯ ಸ್ಥಾನ ಬಂತು. ಹೋದ ವರ್ಷಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ತೀರ್ಪುಗಾರರಲ್ಲೊಬ್ಬರು, ಆ ಮೌನ ಈ ವರ್ಷದ ಅತ್ಯಂತ ದಿಟ್ಟ ಕಲ್ಪನೆ ಎಂದು ಮೈಕಿನಲ್ಲಿ ಹೊಗಳಿದರು. ಜಿಗಣೆ ಬಂದು, ಅದನ್ನು ಮುಂದಿನ ಕಾರ್ಯಕ್ರಮದಲ್ಲಿ ತಾನೂ ಮಾಡುವುದಾಗಿ ಹೇಳಿದ. ಮೌನವನ್ನು ಕದಿಯುವವನನ್ನು ಇವತ್ತೇ ಕಂಡದ್ದು.

ವೇದಿಕೆಯ ಹಿಂದೆ ಪೆಟ್ಟಿಗೆ ತುಂಬುವಾಗ ನಾನು ಭಾವನ ಬಲಗಡೆ ಹೋಗಿ ನಿಂತೆ. ಹೇಳಲೆಂದೇ ಹೋದೆ. ಮೊದಲು ಸ್ಟಿಕ್ಕರಿನ ವಿಷಯ ಹೇಳಿದೆ, ಆ ಗಡಿಬಿಡಿಯಲ್ಲಿ ಅವರಿಗೆ ತಪ್ಪು ಮಾತು ಸಿಕ್ಕಿದ್ದು ನನ್ನಿಂದಲೇ ಎಂದೆ. ಅವರು ತಂತಿ ಸುತ್ತುತ್ತಲೇ ಇದ್ದರು.

"ತಪ್ಪು ಮಾತಲ್ಲ ಮರಿ. 'ಹೋಗಿ ಬನ್ನಿ' ಮೊದಲೇ ಸಿಕ್ಕಿತ್ತು. ಹಾಕೋಕೆ ಮನಸ್ಸಾಗ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ತಂತಿಗೆ ಗಂಟು ಹಾಕಿ ಪೆಟ್ಟಿಗೆಯೊಳಗಿಟ್ಟರು.

"ಅವತ್ತು ಕಾರಲ್ಲಿ ನೀನು ಹೇಳಿದ್ದು ಕಿವಿಗೆ ಬೀಳ್ಲಿಲ್ಲ, ನಿಜ. ಆದ್ರೆ ನಿನ್ನ ಕನ್ನಡೀಲಿ ತುಟಿ ಕಾಣಿಸ್ತು. ಎರಡು ವರ್ಷದಿಂದ ತುಟಿ ನೋಡೇ ಬದುಕ್ತಿದ್ದೀನಿ. ಬಿಡ್ತೀನಿ ಅಂದೆ, ಜಿಗಣೆ ಅಂದೆ. ನಾನು ಮಳೆ ಅಂದೆ. ನಂಗೆ ಕೇಳಿಸ್ಲಿಲ್ಲ ಅಂತ ನೀನು ಅಂದ್ಕೊಂಡ್ರೆ, ಇನ್ನೊಂದ್ಸಲ ಹೇಳೋಕೆ ನಿನಗೆ ಬಾಯಿ ಬರಲ್ಲ ಅಂತ."

ನಾನು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹಾಗಾದರೆ ಕಳೆದ ವರ್ಷ ಇದೇ ಕೋಣೆಯಲ್ಲಿ ನಾನು ಕೇಳಿದ್ದು? ಎಂದೆ. ಯಾವುದು ಎಂದರು. ಅವರ ಮುಖವನ್ನು ಚೆನ್ನಾಗಿ ಹುಡುಕಿದೆ, ಏನೂ ಸಿಗಲಿಲ್ಲ. ಈ ಮನುಷ್ಯನಿಗೆ ಯಾವುದು ಕೇಳಿಸಲಿಲ್ಲ, ಯಾವುದು ಬೇಡವಾಗಿತ್ತು ಎಂದು ಬೇರೆ ಮಾಡಿ ಹೇಳುವುದು ಇನ್ನು ಯಾರಿಂದಲೂ ಆಗದು. ಏನಿಲ್ಲ ಎಂದೆ.

ಬರೆದಿಡಬೇಕಾದ ಇನ್ನೊಂದು: ಕೊನೆಗೂ ಮೊದಲು ಮಾತಾಡಿದವರು ಅವರೇ, ಅಂದರೆ ಕಾರಿನಲ್ಲಿ ಮಳೆಯ ವಿಷಯ ತೆಗೆದವರು. ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ಮಾತು ಬಿಟ್ಟ ಪಂದ್ಯದಲ್ಲಿ ನಾನೇ ಗೆದ್ದೆ.

ಏಪ್ರಿಲ್ 21

ಜಿಗಣೆಗೆ ಬರುವುದಿಲ್ಲ ಎಂದು ಹೇಳಿದೆ. ಅವನು ಅಭ್ಯಾಸ ಮಾಡುವ ಜಾಗ ನನ್ನ ಮನೆಯಿಂದ ಬಹಳ ದೂರ, ಎರಡು ಬಸ್ಸು ಬದಲಾಯಿಸಬೇಕು. ಕಾರು ಇದೆಯಲ್ಲ ಎಂದ. ಶಾಲೆಯ ಕಾರು ಎಂದೆ.

ಭಾವ ಕಿವಿಗೆ ಯಂತ್ರ ಹಾಕಿಸಿಕೊಂಡರು. ಎಡಗಿವಿಯಲ್ಲಿ ಕೇಳುವ ಶಕ್ತಿ ಸ್ವಲ್ಪ ಉಳಿದಿದೆಯಂತೆ. ಅಕ್ಕ ಅಭ್ಯಾಸಬಲದಿಂದ ಕಿರುಚಿದಾಗಲೆಲ್ಲ ಅವರು ಬೆಚ್ಚಿಬೀಳುತ್ತಾರೆ, ಅದನ್ನು ನೋಡಲು ಚೆನ್ನಾಗಿರುತ್ತದೆ. ಸಂಜೆ ಗೋದಾಮಿಗೆ ಹೋದೆವು. ನಾನು ಜಗಳದ ಭಾಗವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಬಾರಿಸಿದೆ. ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಎರಡು ಕಿವಿಯಿಂದಲೂ ಕೇಳಿದರು. ಮುಗಿದ ಮೇಲೆ ಹೊಗಳಿಕೆ ಬಂದರೆ ಹೇಗೆ ಮುಖ ಇಟ್ಟುಕೊಳ್ಳಬೇಕು ಎಂದು ನಾನು ಯೋಚಿಸುತ್ತಿದ್ದೆ.

"ನಿನ್ನ ಎಡಗೈ ತಡ ಮಾಡ್ತಿದೆ ಮರಿ" ಎಂದರು. "ನಾನು ಉತ್ತರ ಕೊಡೋ ಕಡೆಯೆಲ್ಲ ಒಂದು ಕೂದಲೆಳೆ ಹಿಂದೆ ಬೀಳ್ತೀಯ. ಯಾರ ಹತ್ರ ಕಲಿತೆ ಈ ಕೆಟ್ಟ ಚಾಳಿ?"

ಮೂಗಿನ ತುದಿಗೆ ಕೋಪ ಬಂತು. ಬಾಯಿ ತೆರೆದೆ. ಅವರು ನನ್ನ ತುಟಿ ನೋಡುತ್ತಿರಲಿಲ್ಲ, ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು, ಉತ್ತರಕ್ಕೆ ಕಾಯುತ್ತ.

ಸರಿಮಾಡ್ಕೋತೀನಿ ಭಾವ, ಎಂದೆ.